ಕಣ್ಣಿನ ಹಿಂದಿನ ಚಿತ್ರಕ್ಕಾಗಿ ಮಸ್ಕತ್ತಿಗೆ

ರಾಮಕೃಷ್ಣನಗರ

ಫೋನು ಬಂದಾಗ ನಾನು ಅವರೆಕಾಳು ಹಿದುಕುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು, ಡಿಸೆಂಬರ್ ತಿಂಗಳು. ಆಗಿನ್ನೂ ಮೈಸೂರಿನ ಅಂಚಿನ ದಟ್ಟಗಳ್ಳಿ ಕಡೆ ಹೊಲಗಳಿದ್ದವು. ಅಲ್ಲಿಂದ ಬುಟ್ಟಿ ಹೊತ್ತು ಬರುವ ಹೆಂಗಸಿನ ಹತ್ತಿರ ಸೊಗಡಿನ ಕಾಯಿ ಕೊಂಡು, ಸುಲಿದು, ಹಿಂದಿನ ಸಂಜೆಯೇ ಕಾಳು ನೆನೆಹಾಕಿದ್ದೆ. ನೆಂದ ಕಾಳನ್ನು ಎರಡು ಬೆರಳ ನಡುವೆ ಇಟ್ಟು ಒತ್ತಿದರೆ ಸಿಪ್ಪೆಯಿಂದ ಪುಳಕ್ಕನೆ ಆಚೆ ಬರುತ್ತದೆ. ಈ ಕೆಲಸಕ್ಕೆ ಬುದ್ಧಿ ಬೇಡ, ಬೆರಳು ಸಾಕು. ಬಾಯಲ್ಲಿ ಶಿವನಾಮ ನಡೆಯುತ್ತಿರುತ್ತದೆ, ಬಟ್ಟಲು ತುಂಬುತ್ತಿರುತ್ತದೆ.

ಫೋನು ಮಾಡಿದವಳು ನನ್ನ ತಂಗಿ ಸುಮ, ಮಸ್ಕತ್ತಿನಿಂದ. ಅವಳ ಗಂಡ ಬಸವರಾಜುವಿಗೆ ಅಲ್ಲಿ ಎಣ್ಣೆ ತೆಗೆಯುವ ಕಂಪನಿಯೊಂದರಲ್ಲಿ ಉಗ್ರಾಣ ನೋಡಿಕೊಳ್ಳುವ ಕೆಲಸ. ವಾರವೆಲ್ಲ ಮರುಭೂಮಿಯ ಕ್ಯಾಂಪಿನಲ್ಲಿರುತ್ತಾನೆ, ರಜೆಗೆ ಮಾತ್ರ ಮನೆ. ಸುಮ ಆಗ ಐದು ತಿಂಗಳ ಬಸುರಿ. ಮೊದಲ ಮಗು ಬಿಂದುವಿಗೆ ನಾಲ್ಕು ವರ್ಷ.

"ಅಕ್ಕ, ಬಿಂದು ಕಣ್ಣು ಮುಂದಕ್ಕೆ ಬಂದ್ಬುಟ್ಟಿದೆ ಕಣಕ್ಕ," ಎಂದಳು.

"ಮುಂದಕ್ಕೆ ಅಂದ್ರೆ? ಊದಿಕೊಂಡಿದ್ಯಾ?"

"ಊತ ಅಲ್ಲ. ಕಣ್ಣೇ. ಹಿಂದಿನಿಂದ ಯಾರೋ ಗುಡ್ಡೆ ತಳ್ಳಿದ ಹಾಗೆ. ನೆಗಡಿ ಆಗಿತ್ತು ಅಷ್ಟೇ. ಬೆಳಗ್ಗೆ ಎದ್ದಾಗ ನೋಡ್ತೀನಿ, ಹಿಂಗೆ."

ಅವಳು ಹೇಳುತ್ತಾ ಹೋದಳು, ನಾನು ನಿಂತು ಕೇಳಿದೆ. ಮನೆ ಹತ್ತಿರದ ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿದ್ದರು. ಕಣ್ಣಿನ ಗೂಡಿನಲ್ಲಿ, ಗುಡ್ಡೆಯ ಹಿಂದೆ, ಏನೋ ಗೆಡ್ಡೆಯಂಥದ್ದು ಕಾಣುತ್ತಿದೆ. ಅದು ಏನೆಂದು ಆ ಚಿತ್ರದಲ್ಲಿ ತಿಳಿಯುವುದಿಲ್ಲ. ಕೆಟ್ಟ ಜಾತಿಯದೂ ಇರಬಹುದು, ಚೂರು ಕತ್ತರಿಸಿ ತೆಗೆದು ನೋಡಬೇಕು ಎಂದು ಒಬ್ಬ ಡಾಕ್ಟರು. ದೊಡ್ಡಾಸ್ಪತ್ರೆಯ ಕಣ್ಣಿನ ಡಾಕ್ಟರಮ್ಮ ಮಾತ್ರ, ಕತ್ತಿ ಹಾಕುವ ಮೊದಲು ಎಂಆರ್‌ಐ ಅನ್ನುವ ಇನ್ನೊಂದು ಚಿತ್ರ ತೆಗೆಯೋಣ, ಅಲ್ಲಿಯವರೆಗೆ ವಿಮಾನ ಹತ್ತಿಸಿ ಊರಿಗೆ ಕಳಿಸುವುದು ಬೇಡ ಎಂದಿದ್ದಾರೆ. ಆ ಯಂತ್ರದ ಕೋಣೆಗೆ ಮಗುವಿನ ಜೊತೆ ಒಬ್ಬರು ಹೋಗಬೇಕಂತೆ. ಬಸುರಿಯನ್ನು ಬಿಡುವುದಿಲ್ಲವಂತೆ. ಬಸವರಾಜುವಿಗೆ ಆ ದಿನ ರಜೆ ಸಿಗುವ ಭರವಸೆ ಇಲ್ಲವಂತೆ.

"ನೀನು ಬಂದ್ಬುಡು," ಎಂದಳು. ಅದನ್ನು ಹೇಳುವಾಗ ಅಳಲಿಲ್ಲ. ಅಳದಿದ್ದದ್ದಕ್ಕೇ ನನಗೆ ಹೆದರಿಕೆಯಾಯಿತು.

ಫೋನಿಟ್ಟಾಗ ನೋಡಿಕೊಂಡೆ, ಕೈಯಲ್ಲಿ ಒಂದು ಕಾಳು ಉಳಿದಿತ್ತು. ಅದನ್ನು ಒತ್ತದೆ ಹಾಗೇ ನೀರಿಗೆ ಬಿಟ್ಟೆ.

ಬಿಂದು ಹುಟ್ಟುವಾಗ ಬಾಣಂತನಕ್ಕೆ ಹೋಗಬೇಕೆಂದು ನನಗೆ ಪಾಸ್‌ಪೋರ್ಟ್ ಮಾಡಿಸಿದ್ದರು. ಆಮೇಲೆ ಸುಮಳೇ ಹೆರಿಗೆಗೆ ಊರಿಗೆ ಬಂದಳು. ಪಾಸ್‌ಪೋರ್ಟ್ ರೇಷ್ಮೆ ಸೀರೆಗಳ ಕೆಳಗೆ ನುಸಿಗುಳಿಗೆಯ ವಾಸನೆ ಕುಡಿಯುತ್ತಾ ಬಿದ್ದಿತ್ತು. ಅದರ ನಕಲಿನಿಂದ ಬಸವರಾಜು ವೀಸಾ ಆಗಲೇ ಮಾಡಿಸಿಟ್ಟಿದ್ದ, ಮಾರನೇ ದಿನವೇ ಹೊರಡಬಹುದಿತ್ತು. ಇದು ನಾನು ಎಣಿಸಿಕೊಂಡ ಮೊದಲನೇ ಕೃಪೆ.

ನಮ್ಮನೆಯವರು ಶಾಲಾ ಮೇಷ್ಟರು. "ನಂಜನಗೂಡಿಗೆ ಬಸ್ಸಲ್ಲಿ ಹೋದ್ರೆ ನಿಂಬೆಹಣ್ಣು ಮೂಸೋಳು, ಸಮುದ್ರ ದಾಟ್ತೀಯಾ?" ಎಂದರು.

"ನಿಂಬೆಹಣ್ಣು ಅಲ್ಲೂ ಸಿಗುತ್ತೆ. ನಿಮ್ಮ ಊಟದ್ದು ಹೇಳಿ."

"ಅನ್ನ ನಾನು ಬೇಯಿಸ್ಕೋತೀನಿ. ಸಾರು ಶಿವ ನೋಡ್ಕೋತಾನೆ. ಹೋಗ್ಬಾ."

ವಿಮಾನದಲ್ಲಿ

ನಾವು ಲಿಂಗವಂತರು. ಕೊರಳಿಗೆ ಶಿವದಾರ, ಅದರಲ್ಲಿ ಬೆಳ್ಳಿಯ ಕರಡಿಗೆ, ಕರಡಿಗೆಯೊಳಗೆ ಇಷ್ಟಲಿಂಗ. ಹುಟ್ಟಿದ ಮಗುವಿಗೆ ಕಟ್ಟಿದ್ದು ಮಣ್ಣಿಗೆ ಹೋಗುವವರೆಗೆ ಮೈಮೇಲಿರಬೇಕು. ಅಕಸ್ಮಾತ್ ಕಳಚಿದರೆ ಮತ್ತೆ ಮೈಗೆ ಸೇರುವವರೆಗೆ ನೀರೂ ಮುಟ್ಟಬಾರದು ಎಂದು ನಮ್ಮತ್ತೆ ಹೇಳುತ್ತಿದ್ದರು. ನನ್ನ ಕರಡಿಗೆ ಅವರದ್ದೇ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಹೆಣ್ಣುಮಗಳ ಕೈಯಲ್ಲಿದ್ದ ಕೋಲು ನನ್ನ ಎದೆಯ ಹತ್ತಿರ ಕೂಗಿತು. ಅವಳು ಸೀರೆಯ ಮೇಲಿಂದಲೇ ಮುಟ್ಟಿ, "ಲಿಂಗ ಏನಮ್ಮಾ?" ಎಂದಳು. ಹೂಂ ಎಂದೆ. "ಹೋಗಿ," ಎಂದಳು. ನಮ್ಮೂರಿನಲ್ಲಿ ಇಷ್ಟು ಸಲೀಸು. ಬೇರೆ ಕಡೆ ಇದಕ್ಕೆ ವಿವರಣೆ ಬೇಕಾಗಬಹುದು ಎಂದು ಆಗ ಹೊಳೆಯಲಿಲ್ಲ.

ಮುಂಬಯಿಯಲ್ಲಿ ವಿಮಾನ ಬದಲಿಸಿದೆ. ಪಕ್ಕದಲ್ಲಿ ರಜೆ ಮುಗಿಸಿ ಹಿಂದಿರುಗುತ್ತಿದ್ದ ತೆಲುಗಿನ ಗಾರೆ ಕೆಲಸದವರೊಬ್ಬರು. ಬೆಲ್ಟು ಹಾಕುವುದನ್ನು ತೋರಿಸಿಕೊಟ್ಟರು, ಕಿವಿ ಕಟ್ಟಿದಾಗ ಉಗುಳು ನುಂಗಿ ಎಂದು ಸನ್ನೆ ಮಾಡಿದರು. ಊಟದ ತಟ್ಟೆ ಬಂತು. ಅದು ಯಾರ ಕೈ ಅಡುಗೆಯೋ ಎಂದು ನಾನು ನನ್ನ ಚಪಾತಿ ಗಂಟು ಬಿಚ್ಚಿದೆ. ಚಟ್ನಿಪುಡಿಯ ಡಬ್ಬಿಯ ಮುಚ್ಚಳ ಎಳೆದೆ ನೋಡಿ, ಒಳಗೆ ಗಾಳಿ ಬಿಗಿದಿತ್ತೋ ಏನೋ, ಪುಡಿ ಬುಸ್ಸೆಂದು ಎಗರಿತು. ಮುಂದಿನ ಸಾಲಿನವರು ಸೀನಿದರು, ಅವರ ಮುಂದಿನವರೂ ಸೀನಿದರು. ಗಗನಸಖಿ ಓಡಿ ಬಂದಳು. ತೆಲುಗಿನವರು ಮಾತ್ರ ತಮ್ಮ ತಟ್ಟೆಯ ಬ್ರೆಡ್ಡಿನ ಮೇಲೆ ಬಿದ್ದದ್ದನ್ನು ತಿಂದು, "ಬಾಗುಂದಮ್ಮಾ," ಎಂದರು. ಉಳಿದ ಪುಡಿಯನ್ನು ಅವರಿಗೇ ಕೊಟ್ಟೆ.

ಮಸ್ಕತ್ತಿನ ಬಾಗಿಲು

ಮಸ್ಕತ್ತಿನಲ್ಲಿ ಇಳಿದವರ ಸಾಮಾನನ್ನೆಲ್ಲ ಒಂದು ಯಂತ್ರದೊಳಗೆ ತಳ್ಳಿ ಒಳಗಿನ ಚಿತ್ರ ನೋಡುತ್ತಾರೆ. ನನ್ನ ಚೀಲದ ಚಿತ್ರದಲ್ಲಿ ಅವರಿಗೆ ಏನೋ ಇಷ್ಟವಾಗಲಿಲ್ಲ. ಬಿಚ್ಚಿಸಿದರು. ಸಿಕ್ಕಿದ್ದು ವಿಭೂತಿ ಗಟ್ಟಿಗಳು. ಬಿಳಿಯ ನಿಲುವಂಗಿ, ಕಸೂತಿ ಟೋಪಿಯ ಆ ಹುಡುಗ ಒಂದು ಗಟ್ಟಿ ಎತ್ತಿ ಉಜ್ಜಿದ, ಮೂಸಿದ, ಇನ್ನೊಬ್ಬನನ್ನು ಕರೆದ. ಬಿಳೀ ಪುಡಿ ಎಂದರೆ ಅವರಿಗೆ ಬೇರೆಯೇ ಯೋಚನೆ ಇರಬೇಕು.

ನನಗೆ ಬರುವ ಪರಭಾಷೆ ಎಂದರೆ ಉರ್ದು. ಅದೂ ನಮಗೆ ಹಾಸಿಗೆ ಹೊಲಿದುಕೊಡುವ ಉದಯಗಿರಿಯ ಫಾತಿಮಾಬಿಯಿಂದ ಕಲಿತ ಹರಕು ಉರ್ದು. ಅದರಲ್ಲೇ "ರಾಖ್, ರಾಖ್, ಬೂದಿ," ಎಂದು, ಒದ್ದೆ ಬೆರಳಲ್ಲಿ ಗಟ್ಟಿ ತೇಯ್ದು ನನ್ನ ಹಣೆಗೆ ಮೂರು ಗೆರೆ ಎಳೆದು ತೋರಿಸಿದೆ. ಹುಡುಗ ನನ್ನ ಹಣೆ ನೋಡಿದ, ಗಟ್ಟಿ ನೋಡಿದ, ನಕ್ಕು ಚೀಲ ಮುಚ್ಚಿದ. ಆಮೇಲೆ ತನ್ನ ಬೆರಳಿಗೆ ಅಂಟಿದ್ದನ್ನು ಎಲ್ಲಿ ಒರೆಸಬೇಕೆಂದು ತಿಳಿಯದೆ ನಿಂತಿದ್ದ. ಒರೆಸಬಾರದು ಎಂದು ಯಾರೋ ಹೇಳಿದ ಹಾಗೆ.

ಬಸವರಾಜು ಹೊರಗೆ ಕಾಯುತ್ತಿದ್ದ. "ಬನ್ನಿ ಅತ್ತಿಗೆ," ಎಂದು ನನ್ನ ಚೀಲ ಎತ್ತಿ ಕಾರಿನಲ್ಲಿಟ್ಟ. ನಾನು ಕಿಟಕಿಯಾಚೆ ನೋಡಿದೆ. ಬೆಟ್ಟ ಎಂದರೆ ನಮಗೆ ಚಾಮುಂಡಿಬೆಟ್ಟ, ಅದರ ಮೈತುಂಬ ಹಸಿರು. ಅಲ್ಲಿಯ ಬೆಟ್ಟಗಳಿಗೆ ಒಂದು ಹುಲ್ಲುಕಡ್ಡಿಯೂ ಇಲ್ಲ. ಸುಟ್ಟ ಇಟ್ಟಿಗೆಯ ಬಣ್ಣ. ಅವುಗಳ ಕಾಲಡಿಗೆ ಸುಣ್ಣ ಬಳಿದ ಹಾಗಿರುವ ಬಿಳೀ ಮನೆಗಳು. ಬರಿಗೈಯಲ್ಲೂ ಚೊಕ್ಕವಾಗಿರುವ ಮನೆಯ ಹಾಗೆ ಕಂಡಿತು ಆ ಊರು.

ಸುಮಳ ಮನೆ

ಬಿಂದು ಬಾಗಿಲ ಹಿಂದೆ ನಿಂತಿದ್ದಳು. ಎಡಗಣ್ಣು ಮುಂದಕ್ಕೆ, ಸ್ವಲ್ಪ ಕೆಳಕ್ಕೆ ತಳ್ಳಿಕೊಂಡಿತ್ತು. ರೆಪ್ಪೆ ನೇರಳೆಹಣ್ಣಿನ ಬಣ್ಣ. ಬಲಗಣ್ಣು ಎಂದಿನಂತೆ ಸುಮಳ ಕಣ್ಣೇ. ತಲೆ ಓರೆ ಮಾಡಿ ನನ್ನನ್ನು ನೋಡಿದಳು.

"ಅಮ್ಮಾ, ದೊಡ್ಡಮ್ಮ ಇಬ್ಬರು ಬಂದಿದಾರೆ."

ಸುಮ ನನ್ನ ಕಡೆ ನೋಡಿ, "ಎಲ್ಲಾ ಎರಡೆರಡು ಕಾಣುತ್ತೆ ಅಕ್ಕ ಅವಳಿಗೆ. ಕಣ್ಣು ಜರುಗಿದೆಯಲ್ಲ," ಎಂದಳು.

"ಇಬ್ಬರಲ್ಲಿ ಯಾರು ಚೆನ್ನಾಗಿದಾರೆ?" ಎಂದು ಕೇಳಿದೆ.

ಬಿಂದು ಯೋಚಿಸಿ, "ಈ ಕಡೆಯವರು," ಎಂದು ನಾನಿಲ್ಲದ ಕಡೆ ತೋರಿಸಿದಳು.

ಆ ಮನೆಯಲ್ಲಿ ಬೇಗ ಹೊಂದಿಕೊಂಡೆ. ಅಡುಗೆಮನೆಯ ಗೂಡಿನಲ್ಲೇ ದೇವರು. ಬೆಳಿಗ್ಗೆ ಸ್ನಾನವಾದ ಮೇಲೆ ಕರಡಿಗೆ ಬಿಚ್ಚಿ, ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಪೂಜೆ. ಸಂಜೆ ಬಿಂದುವನ್ನು ಮಲಗಿಸುವ ಕೆಲಸ ನನ್ನದು. ನಮಃ ಶಿವಾಯ ಎನ್ನುವ ಐದಕ್ಷರಕ್ಕೆ ಅವಳ ಕಾಲಿನ ಐದು ಬೆರಳು. ಕಿರುಬೆರಳಿಂದ ಶುರು ಮಾಡಿ ಒಂದಕ್ಷರಕ್ಕೆ ಒಂದು ಬೆರಳು ಒತ್ತುತ್ತಾ ಹೋಗುವುದು. ಹೆಬ್ಬೆರಳಿಗೆ ಬಂದಾಗ ಕಾಲು ಬದಲು. ನಮ್ಮಮ್ಮ ನಮಗೆ ಮಾಡುತ್ತಿದ್ದದ್ದು. ನಾಲ್ಕೈದು ಸುತ್ತಿಗೆ ಮಗು ನಿದ್ದೆ ಹೋಗುತ್ತಿತ್ತು. ಒಂದು ಕಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ, ಅದರ ಮೇಲೆ ಒದ್ದೆ ಹತ್ತಿ ಇಟ್ಟು ಬರುತ್ತಿದ್ದೆ.

ಆಸ್ಪತ್ರೆ, ಮೊದಲನೇ ಸಲ

ಈ ಚಿತ್ರ ತೆಗೆಯುವಾಗ ಮಗು ಮಿಸುಕಬಾರದು. ಮಿಸುಕಿದರೆ ಚಿತ್ರ ಕಲಸಿಹೋಗುತ್ತದೆ. ಅದಕ್ಕೆ ನಿದ್ದೆಯ ಔಷಧಿ ಕೊಡುತ್ತಾರೆ. ಹೊಟ್ಟೆಯಲ್ಲಿ ಏನಾದರೂ ಇದ್ದರೆ ನಿದ್ದೆಯಲ್ಲಿ ಮೇಲೆ ಬಂದು ಉಸಿರಿನ ದಾರಿಗೆ ಹೋಗಬಹುದಂತೆ. ಆದ್ದರಿಂದ ಬೆಳಿಗ್ಗೆಯಿಂದ ಮಗುವಿಗೆ ಏನೂ ಕೊಡಕೂಡದು ಎಂದಿದ್ದರು.

ಆ ದಿನ ಬೆಳಿಗ್ಗೆ ಮಗುವಿಗೆ ಹಾಲಿಲ್ಲ, ಬಿಸ್ಕತ್ತಿಲ್ಲ, ನೀರಿಲ್ಲ. ಅವಳೂ ಹಟ ಮಾಡಲಿಲ್ಲ. ಆಸ್ಪತ್ರೆಯಲ್ಲಿ ಮಲಯಾಳಿ ನರ್ಸಮ್ಮ ಬಂದು, "ಏನಾದರೂ ತಿಂದಿದ್ದಾಳಾ, ಕುಡಿದಿದ್ದಾಳಾ?" ಎಂದು ಕೇಳಿದರು. ಇಲ್ಲ ಎಂದಳು ಸುಮ. ಇಲ್ಲ ಎಂದೆ ನಾನು. ಬಸವರಾಜುವೂ ತಲೆಯಾಡಿಸಿದ. ಮೂವರೂ ದೇವರಾಣೆಗೂ ನಿಜವನ್ನೇ ಹೇಳುತ್ತಿದ್ದೆವು.

ನರ್ಸಮ್ಮ ಮಗುವನ್ನು ಮಾತಾಡಿಸುವುದಕ್ಕೆಂದು, "ಹಸಿವಾಗ್ತಿದೆಯಾ?" ಎಂದು ಸುಮ್ಮನೆ ಕೇಳಿದರು. ಸುಮ ಅದನ್ನು ಕನ್ನಡದಲ್ಲಿ ಹೇಳಿದಳು.

"ಇಲ್ಲ. ನಾನು ಪ್ರಸಾದ ತಿಂದೆ," ಎಂದಳು ಬಿಂದು.

ನಾವು ಮುಖ ಮುಖ ನೋಡಿಕೊಂಡೆವು. ದಿನಾ ಪೂಜೆಯಾದ ಮೇಲೆ ಗೂಡಿನ ಮುಂದೆ ಬಟ್ಟಲಲ್ಲಿ ತೀರ್ಥ, ತಟ್ಟೆಯಲ್ಲಿ ಬಾಳೆಹಣ್ಣು, ಕಲ್ಲುಸಕ್ಕರೆ ಇರುತ್ತದೆ. ಮನೆಯವರು ಹೋಗಿ ತೆಗೆದುಕೊಳ್ಳುತ್ತಾರೆ, ಯಾರೂ ಯಾರಿಗೂ ಕೊಡುವುದಿಲ್ಲ. ಬಿಂದು ಎಂದಿನಂತೆ ಸ್ಟೂಲು ಹತ್ತಿ ತೆಗೆದುಕೊಂಡಿದ್ದಾಳೆ. ಬಾಳೆಹಣ್ಣು ಪೂರ್ತಿಯಾಗಿ. ನಮ್ಮಲ್ಲಿ ತೀರ್ಥ ಪ್ರಸಾದವನ್ನು ತಿಂಡಿ ಎಂದು ಯಾರೂ ಎಣಿಸುವುದಿಲ್ಲ. ಉಪವಾಸದ ದಿನವೂ ಅದು ನಡೆಯುತ್ತದೆ.

ಸುಮ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಮತ್ತುಬರಿಸುವ ಡಾಕ್ಟರು ಕೈಗವಸು ತೆಗೆದುಬಿಟ್ಟರು. ಸಿಟ್ಟೇನೂ ಮಾಡಲಿಲ್ಲ. ಹೊಟ್ಟೆಗೆ ಅದು ಪ್ರಸಾದವೋ ಬಾಳೆಹಣ್ಣೋ ತಿಳಿಯುವುದಿಲ್ಲ ಎಂದರಂತೆ. ಆ ಯಂತ್ರಕ್ಕೆ ಕಾದು ನಿಂತವರು ಬಹಳ ಜನ. ಮುಂದಿನ ವಾರಕ್ಕೆ ಬನ್ನಿ ಎಂದರು.

ಕಾರಿನಲ್ಲಿ ಸುಮ ಮೊದಲ ಬಾರಿಗೆ ನನ್ನ ಮೇಲೆ ರೇಗಿದಳು. "ಒಂದಿನ ಪೂಜೆ ಆಮೇಲೆ ಮಾಡ್ಕೊಂಡಿದ್ರೆ ನಿನ್ನ ಶಿವ ಓಡಿಹೋಗ್ತಿದ್ನಾ?"

"ಬಾಳೆಹಣ್ಣು ತಂದಿಟ್ಟವಳು ನೀನು."

"ದಿನಾ ಇಡೋದು ಇಟ್ಟೆ."

"ದಿನಾ ಮಾಡೋದು ನಾನೂ ಮಾಡ್ದೆ."

ಬಸವರಾಜು ಕನ್ನಡಿಯಲ್ಲಿ ನಮ್ಮಿಬ್ಬರನ್ನು ನೋಡಿ, "ಡಾಕ್ಟರು ನಿದ್ದೆ ಔಷಧಿ ಮಗುಗೆ ಕೊಡಲಿಲ್ಲವಲ್ಲ, ನಿಮಗೆ ಇಸ್ಕೊಂಡು ಬರಬೇಕಿತ್ತು," ಎಂದ. ಸುಮ ನಕ್ಕಳು. ಆಮೇಲೆ ಕಿಟಕಿ ಕಡೆ ತಿರುಗಿ ಅಳುವುದಕ್ಕೆ ಶುರುಮಾಡಿದಳು. ನನಗೆ ಎಷ್ಟೋ ಹಗುರವಾಯಿತು. ಬಂದ ದಿನದಿಂದ ಅವಳು ಅಳಲೆಂದೇ ಕಾಯುತ್ತಿದ್ದೆ.

ಹಡಗುಕಟ್ಟೆಯ ಶಿವ

ಆ ವಾರ ಕಣ್ಣು ಮತ್ತಷ್ಟು ಮುಂದಕ್ಕೆ ಬಂದಂತಿತ್ತು. ಸುಮ ಬೆಳಿಗ್ಗೆ ಸಂಜೆ ಮಗುವನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ ನೋಡುವಳು. ಕಣ್ಣಿನ ನರ ಹೆಚ್ಚು ಎಳೆದುಕೊಂಡರೆ ದೃಷ್ಟಿಗೇ ಪೆಟ್ಟು ಎಂದು ಡಾಕ್ಟರಮ್ಮ ಹೇಳಿದ್ದು ನಮ್ಮಿಬ್ಬರಿಗೂ ನೆನಪಿತ್ತು. ಬಿಂದು ಒಂದು ಬೆಳಿಗ್ಗೆ, "ಇವತ್ತು ದೊಡ್ಡಮ್ಮಂದಿರು ದೂರ ದೂರ ನಿಂತಿದಾರೆ," ಎಂದಳು.

ಹಳೆಯ ಹಡಗುಕಟ್ಟೆಯ ಹತ್ತಿರ ಒಂದು ಶಿವನ ಗುಡಿ ಇದೆ. ಗುಜರಾತಿನ ವರ್ತಕರು ಎಂದೋ ಕಟ್ಟಿಕೊಂಡದ್ದು. ಕೈಯಲ್ಲಿ ಲಿಂಗವಿರುವಾಗ ಗುಡಿ ಯಾಕೆ ಎನ್ನುವ ಹಿರಿಯರು ನಮ್ಮಲ್ಲಿದ್ದಾರೆ. ಆದರೂ ಹೋದೆ. ದಾರಿಯ ಅಂಗಡಿಗಳಲ್ಲೆಲ್ಲ ಕೆಂಡದ ಮೇಲೆ ಲೋಬಾನ ಹಾಕಿಟ್ಟಿದ್ದರು. ಆ ದೇಶದ ದಕ್ಷಿಣದಲ್ಲಿ ಅದರ ಮರಗಳೇ ಇವೆಯಂತೆ. ನಮ್ಮಲ್ಲಿ ಧೂಪ ದೇವರಿಗೆ. ಅವರು ಬಟ್ಟೆಗೂ ಹಿಡಿಯುತ್ತಾರೆ, ಗಡ್ಡಕ್ಕೂ ಹಿಡಿಯುತ್ತಾರೆ, ಕುಡಿಯುವ ನೀರಿನ ಹೂಜಿಗೂ ಹಿಡಿಯುತ್ತಾರೆ. ಗುಡಿ ತಲುಪುವಷ್ಟರಲ್ಲಿ ಪೂಜೆ ಅರ್ಧ ಆಗಿಹೋದ ಹಾಗಿತ್ತು.

ದೇವರ ಮುಂದೆ ನಿಂತು ಏನು ಕೇಳುವುದೆಂದು ಯೋಚಿಸಿದೆ. ದೊಡ್ಡದನ್ನು ಕೇಳಿ ಅಭ್ಯಾಸವಿಲ್ಲ. ಚಿತ್ರ ಕಲಸಿಹೋಗದೆ ಬರಲಿ ಎಂದಷ್ಟೇ ಕೇಳಿದೆ.

ಆಸ್ಪತ್ರೆ, ಎರಡನೇ ಸಲ

ಈ ಸಲ ಬಸವರಾಜುವಿಗೆ ರಜೆ ಸಿಗಲಿಲ್ಲ. ದೇವರ ಗೂಡಿಗೆ ಪರದೆ ಎಳೆದಿದ್ದೆವು. ಪೂಜೆಯನ್ನು ಮಗು ಏಳುವ ಮೊದಲೇ ಮುಗಿಸಿದ್ದೆ. ಪ್ರಸಾದ ನಾನೂ ತೆಗೆದುಕೊಳ್ಳಲಿಲ್ಲ. ಮಗುವನ್ನು ಹಸಿವಿನಲ್ಲಿಟ್ಟು ನಾನು ಬಾಯಾಡಿಸುವುದು ಹೇಗೆ?

ಕಾಯುವ ಕೋಣೆಯಲ್ಲಿ ಒಬ್ಬ ಒಮಾನಿ ಅಜ್ಜಿ ಕುಳಿತಿದ್ದರು, ಮಡಿಲಲ್ಲಿ ಮೊಮ್ಮಗು. ಆ ಕೂಸಿನ ಕಣ್ಣಿಗೆ ಕಿವಿಯವರೆಗೆ ಕಾಡಿಗೆ ತೀಡಿದ್ದರು. ನಮ್ಮೂರಲ್ಲೂ ಹೀಗೇ ಎಂದುಕೊಂಡೆ. ಅಜ್ಜಿ ಬಿಂದುವಿನ ಕಣ್ಣು ನೋಡಿದರು. ನಮ್ಮ ಕಡೆ ಎಷ್ಟೋ ಜನ ನೋಡಿ ಅಯ್ಯೋ ಎನ್ನುತ್ತಾರೆ, ಯಾವ ಪಾಪವೋ ಎನ್ನುತ್ತಾರೆ. ಇವರು ಹಾಗಲ್ಲ. ಚೀಲದಿಂದ ಡಬ್ಬಿ ತೆಗೆದು ಖರ್ಜೂರ ನೀಡಿದರು, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿದರು. ಬೇಡ ಎಂದೆ. ಮತ್ತೆ ನೀಡಿದರು. ಆ ಜನಕ್ಕೆ ಕೊಟ್ಟದ್ದನ್ನು ಬೇಡವೆನ್ನುವುದು ದೊಡ್ಡ ಅವಮಾನವಂತೆ. ನಾನು ಬಿಂದುವಿನ ಹೊಟ್ಟೆ ಮುಟ್ಟಿ, ಡಾಕ್ಟರ ಬಾಗಿಲು ತೋರಿಸಿ, ಕೈ ಅಡ್ಡ ಆಡಿಸಿದೆ. ಅಜ್ಜಿಗೆ ಅರ್ಥವಾಯಿತು. ಖರ್ಜೂರಗಳನ್ನು ನನ್ನ ಅಂಗೈಗೆ ಹಾಕಿ ಬೆರಳು ಮಡಿಸಿದರು. ಆಮೇಲಕ್ಕೆ.

ಚಿತ್ರ ತೆಗೆಯುವವನು ಸಾಲಿಂ ಎಂಬ ಒಮಾನಿ ಹುಡುಗ. ಹಿಂದಿ ಚೆನ್ನಾಗಿ ಆಡುತ್ತಿದ್ದ. ಅವನ ಹಿಂದಿ, ನನ್ನ ಫಾತಿಮಾಬಿ ಉರ್ದು, ಎರಡೂ ಹೇಗೋ ದಾರಿಯಲ್ಲಿ ಭೇಟಿಯಾಗುತ್ತಿದ್ದವು. ಆ ಯಂತ್ರ ಎಂದರೆ ಮನೆಯಷ್ಟು ದೊಡ್ಡ ಅಯಸ್ಕಾಂತ, ಯಾವಾಗಲೂ ಎಳೆಯುತ್ತಲೇ ಇರುತ್ತದೆ, ಕಬ್ಬಿಣ ಸುಳಿಯಬಾರದು ಎಂದ. ಇದ್ದದ್ದೆಲ್ಲ ತೆಗೆಯಿರಿ ಎಂದು ಒಂದು ತಟ್ಟೆ ಮುಂದಿಟ್ಟ.

ತೆಗೆದೆ. ಓಲೆ, ಮೂಗುಬೊಟ್ಟು, ಉಂಗುರ. ಕಾಲುಂಗುರ ಬರಲಿಲ್ಲ, ನರ್ಸಮ್ಮ ಸೋಪು ಹಚ್ಚಿ ತೆಗೆದರು. ತಾಳಿಯನ್ನು ಸುಮಳ ಕೊರಳಿಗೆ ಹಾಕಿದೆ. ತಲೆಯ ಪಿನ್ನುಗಳು. ಸೆರಗಿನ ಪಿನ್ನು. ನೆರಿಗೆಯ ಪಿನ್ನು. ತಾಳಿಸರಕ್ಕೆ ಸಿಕ್ಕಿಸಿದ್ದ ಪಿನ್ನಿನ ಗೊಂಚಲು ಸರದ ಜೊತೆಯೇ ಹೋಯಿತು. ರವಿಕೆಯಲ್ಲಿ ಎರಡು ಸಿಕ್ಕಿದವು, ಅವು ಅಲ್ಲಿದ್ದದ್ದು ನನಗೇ ಮರೆತಿತ್ತು.

"ಅಮ್ಮಾ, ಊರಲ್ಲಿ ಅಂಗಡಿ ಇಟ್ಟಿದ್ದೀರಾ?" ಎಂದು ಕೇಳಿದ ಸಾಲಿಂ.

ಆಮೇಲೆ ನನ್ನ ಕೊರಳ ದಾರ ತೋರಿಸಿದ. ಇದು ತೆಗೆಯುವಂಥದ್ದಲ್ಲ ಎಂದೆ. ಏನದು ಎಂದ. ದೇವರು ಎಂದೆ. ಅವನು ನನ್ನ ಮುಖ ನೋಡಿದ. "ದೇವರು? ಕೊರಳಲ್ಲಿ?"

ಬಿಂದುವಿನ ಲಿಂಗವನ್ನು ಸುಮ ಆಗಲೇ ಬಿಚ್ಚಿ ತನ್ನ ಕೈಯಲ್ಲಿ ಹಿಡಿದಿದ್ದಳು. ಮಗುವನ್ನು ಶಿವ ಮನ್ನಿಸುತ್ತಾನೆ ಎಂದಿದ್ದೆ ನಾನೇ. ಈಗ ನನ್ನ ಸರದಿ ಬಂತು. ಸುಮ ಬಾಗಿಲ ಬಳಿಯಿಂದ, "ಅಕ್ಕ, ಈಗ ಹಟ ಮಾಡ್ಬೇಡ ಕಣೆ," ಎಂದಳು. ಅಕ್ಕ ಎನ್ನುತ್ತಲೇ ಕಣೆ ಎಂದಳು. ಅಷ್ಟು ಗಾಬರಿ. ಮತ್ತೊಂದು ವಾರ ಕಾಯುವ ಶಕ್ತಿ ಆ ಕಣ್ಣಿಗಿರಲಿಲ್ಲ, ಅವಳಿಗೂ ಇರಲಿಲ್ಲ.

ಬೇರೆ ದಾರಿ ಸಿಗದಿದ್ದರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ತೆಗೆದಿಡುತ್ತಿದ್ದೆ ಎಂದೇ ಅಂದುಕೊಂಡಿದ್ದೇನೆ. ಅಷ್ಟರಲ್ಲಿ ಸಾಲಿಂ ಮೇಜಿನ ಖಾನೆಯಿಂದ ಒಂದು ಚಿಕ್ಕ ಅಯಸ್ಕಾಂತ ತಂದ. ಗೊತ್ತಿಲ್ಲದ ವಸ್ತು ಬಂದರೆ ಅದರಿಂದ ನೋಡುತ್ತಾರಂತೆ. ಕರಡಿಗೆಯ ಹತ್ತಿರ ಹಿಡಿದ. ಬೆಳ್ಳಿಗೆ ಅದು ಹತ್ತಲಿಲ್ಲ. ಮುಚ್ಚಳದ ಕೀಲಿನ ಬಳಿ ಹಿಡಿದಾಗ ಟಕ್ಕೆಂದು ಅಂಟಿಕೊಂಡಿತು. ನಮ್ಮತ್ತೆಯ ಕಾಲದಲ್ಲಿ ಕೀಲು ಮುರಿದು, ಅಕ್ಕಸಾಲಿ ಬೆಳ್ಳಿಯ ಕಡ್ಡಿಗೆ ಬದಲು ಕಬ್ಬಿಣದ ಕಡ್ಡಿ ಹಾಕಿದ್ದನೆಂದು ಮಸ್ಕತ್ತಿನಲ್ಲಿ ಗೊತ್ತಾಯಿತು.

"ಇದು ಆಗೋದಿಲ್ಲ. ಒಳಗಿರೋದು?" ಎಂದ.

ಕರಡಿಗೆ ತೆರೆದು, ಲಿಂಗವನ್ನು ಪೂಜೆಯಲ್ಲಿ ಹಿಡಿಯುವ ಹಾಗೆ ಎಡಗೈಯಲ್ಲಿ ಹಿಡಿದೆ. ಅವನು ಮುಟ್ಟಲಿಲ್ಲ. ಮುಟ್ಟಬಾರದೆಂದು ನಾನು ಹೇಳಿರಲಿಲ್ಲ. ಅಯಸ್ಕಾಂತವನ್ನು ಲಿಂಗದ ಸುತ್ತ ಬಹಳ ನಿಧಾನವಾಗಿ ಒಂದು ಸುತ್ತು ತಂದ. ಹೊರಗಿನಿಂದ ಯಾರಾದರೂ ನೋಡಿದ್ದರೆ ಆರತಿ ಎತ್ತುತ್ತಿದ್ದಾನೆ ಎನ್ನುತ್ತಿದ್ದರು. ಅದು ಅಲುಗಲಿಲ್ಲ.

"ಕಲ್ಲಾ?"

"ಕಲ್ಲೇ," ಎಂದೆ.

ಒಳಗೆ ಹೋಗಿ ತನ್ನ ಮೇಲಿನವರನ್ನು ಕೇಳಿಕೊಂಡು ಬಂದ. ಬಟ್ಟೆಯಲ್ಲಿ ಕಟ್ಟಿಕೊಳ್ಳಬಹುದು ಎಂದ. ನರ್ಸಮ್ಮ ಹೊಸ ಪೊಟ್ಟಣ ಹರಿದು ಗಾಯಕ್ಕೆ ಕಟ್ಟುವ ಬಟ್ಟೆ ಕೊಟ್ಟರು. ಕೈ ಮುಟ್ಟದ, ಒಗೆದದ್ದಕ್ಕಿಂತ ಮಡಿಯ ಬಟ್ಟೆ. ಅದರಲ್ಲಿ ಲಿಂಗ ಕಟ್ಟಿ ಕೊರಳಿಗೆ ಹಾಕಿಕೊಂಡೆ. ಹಳೆಯ ಕಾಲದಲ್ಲಿ ಬಡವರು ಹೀಗೇ ಬಟ್ಟೆಯಲ್ಲಿ ಕಟ್ಟುತ್ತಿದ್ದರಂತೆ, ಬೆಳ್ಳಿ ಎಲ್ಲಿತ್ತು.

ಬಿಂದುವಿಗೆ ಔಷಧಿ ಕೊಟ್ಟು ಮಲಗಿಸಿದರು. ತಲೆಗೆ ಪಂಜರದಂಥದ್ದೊಂದು ಕವುಚಿದರು. ಕಿವಿಗೆ ನನಗೂ ಅವಳಿಗೂ ಮೆತ್ತೆ ತುರುಕಿದರು. ಮಗು ನಿದ್ದೆಯಲ್ಲೂ ಸ್ವಲ್ಪ ಕೊಸರಬಹುದು, ತಲೆ ಮಾತ್ರ ಕದಲಬಾರದು, ನೀವು ಕಾಲ ಹತ್ತಿರ ಇರಿ ಎಂದರು. ಕೊಳವೆಯೊಳಗೆ ಅವಳನ್ನು ಜಾರಿಸಿದಾಗ ನನಗೆ ಉಳಿದದ್ದು ಎರಡು ಪಾದ.

ಸದ್ದು ಶುರುವಾಯಿತು. ಉದಯಗಿರಿಯ ಗ್ಯಾರೇಜುಗಳೆಲ್ಲ ಒಟ್ಟಿಗೆ ತಗಡು ಬಡಿದ ಹಾಗೆ. ಒಂದು ಸದ್ದು ನಿಲ್ಲುತ್ತದೆ, ಬೇರೆ ತಾಳದಲ್ಲಿ ಇನ್ನೊಂದು ಹಿಡಿಯುತ್ತದೆ. ನಡುವೆ ಒಮ್ಮೆ ಬಿಂದುವಿನ ಕಾಲು ಅದುರಿತು, ಮೊಣಕಾಲು ಮಡಿಸುವುದಕ್ಕೆ ಹೊರಟಿತು. ಜೋಗುಳ ಹಾಡಿದರೆ ಕೇಳುವುದಿಲ್ಲ. ಕಿರುಬೆರಳು ಹಿಡಿದು ಒತ್ತಿದೆ. ನ. ಪಕ್ಕದ್ದು. ಮ. ಶಿ. ವಾ. ಹೆಬ್ಬೆರಳಿಗೆ ಬಂದಾಗ ಕಾಲು ಸಡಿಲವಾಯಿತು. ನಾನು ನಿಲ್ಲಿಸಲಿಲ್ಲ. ಈ ಕಾಲು, ಆ ಕಾಲು, ಮತ್ತೆ ಈ ಕಾಲು. ಸದ್ದು ನಿಂತು ಸಾಲಿಂ ಬಂದು ಭುಜದ ಬಳಿ ನಿಂತಾಗಲೂ ಒತ್ತುತ್ತಲೇ ಇದ್ದೆ.

"ಮುಗೀತು ಅಮ್ಮಾ. ಚೆನ್ನಾಗಿ ಬಂದಿದೆ," ಎಂದ.

ಕರಡಿಗೆಯಲ್ಲಿ ಲಿಂಗ ಮತ್ತೆ ಕೂತಿತು. ಬಿಂದು ಎದ್ದು, ನೀರು ಕುಡಿದು, ಅಜ್ಜಿಯ ಖರ್ಜೂರ ತಿಂದಳು. ಬೀಜ ಉಗಿಯುವುದಕ್ಕೆ ನನ್ನ ಕೈ ಕೇಳಿದಳು. ಉಳಿದದ್ದು ನಾನು ತಿಂದೆ.

ಕಪ್ಪು ಹಾಳೆ

ಡಾಕ್ಟರಮ್ಮ ಸುಡಾನಿನವರು. ಎತ್ತರದ ಹೆಂಗಸು, ಮೆಲ್ಲನೆ ಮಾತು. ಬಿಂದುವನ್ನು ನರ್ಸಮ್ಮನ ಜೊತೆ ಆಚೆ ಕಳಿಸಿ, ಕಪ್ಪು ಹಾಳೆಗಳನ್ನು ಗೋಡೆಯ ದೀಪಕ್ಕೆ ಸಿಕ್ಕಿಸಿದರು. ಸುಮ ಹಾಳೆ ನೋಡಲಿಲ್ಲ, ಡಾಕ್ಟರಮ್ಮನ ಬಾಯನ್ನೇ ನೋಡುತ್ತಿದ್ದಳು. ನಾನು ಹಾಳೆ ನೋಡಿದೆ. ಎರಡು ದುಂಡು, ನಮ್ಮ ಮಗುವಿನ ಎರಡು ಕಣ್ಣು, ಮೇಲಿಂದ ನೋಡಿದ ಹಾಗೆ. ಒಂದರ ಹಿಂದೆ ಗೂಡು ಖಾಲಿ ಇದ್ದಂತೆ ತಿಳಿಯಾಗಿತ್ತು. ಇನ್ನೊಂದರ ಹಿಂದೆ ದ್ರಾಕ್ಷಿಯ ಹಾಗೆ ಒತ್ತಾಗಿ ಗುಳ್ಳೆಗಳು. ಆ ಗುಳ್ಳೆಗಳೊಳಗೆ ಅಲ್ಲಲ್ಲಿ ಒಂದು ಗೆರೆ, ದಾರ ಹಿಡಿದು ಎಳೆದಷ್ಟು ನೇರ. ಗೆರೆಯ ಮೇಲೆ ಒಂದು ಬಣ್ಣ, ಕೆಳಗೆ ಇನ್ನೊಂದು.

ಡಾಕ್ಟರಮ್ಮ ಪೆನ್ಸಿಲ್ಲಿನಿಂದ ಆ ಗೆರೆಯನ್ನೇ ತೋರಿಸಿದರು. ಕ್ಯಾಂಪಿನಿಂದ ಬಂದಿದ್ದ ಬಸವರಾಜು ಒಂದೊಂದೇ ಮಾತು ಕನ್ನಡ ಮಾಡಿ ಹೇಳಿದ. ಇವು ಹುಟ್ಟಿನಿಂದಲೇ ಇದ್ದ ಸಣ್ಣ ಸಣ್ಣ ಚೀಲಗಳು. ಒಳಗೆ ನೀರಿನಂಥ ರಸ. ನೆಗಡಿ ಬಂದಾಗ ಒಳಗೇ ರಕ್ತ ಸೋರಿ ಉಬ್ಬಿವೆ, ಗುಡ್ಡೆಯನ್ನು ತಳ್ಳಿವೆ. ಮಗು ಅಲುಗದೆ ಮಲಗಿತ್ತಲ್ಲ, ರಕ್ತ ತಳಕ್ಕೆ ಇಳಿದು, ತಿಳಿ ಮೇಲೆ ನಿಂತಿದೆ. ಅದೇ ಈ ಗೆರೆ. ಗಟ್ಟಿ ಗೆಡ್ಡೆಯಲ್ಲಿ ಹೀಗೆ ಗೆರೆ ನಿಲ್ಲುವುದಿಲ್ಲ.

"ಅಕ್ಕಿ ತೊಳೆದ ನೀರು ಪಾತ್ರೇಲಿ ನಿಂತ ಹಾಗೆ," ಎಂದೆ ಸುಮಳಿಗೆ. ಆಗ ಅವಳು ಹಾಳೆಯ ಕಡೆ ತಿರುಗಿದಳು.

"ಕೆಟ್ಟದ್ದಲ್ಲವಾ ಹಾಗಾದ್ರೆ?" ಎಂದು ಕನ್ನಡದಲ್ಲೇ ಡಾಕ್ಟರಮ್ಮನನ್ನು ಕೇಳಿದಳು. ಅವರಿಗೆ ಅರ್ಥವಾಗಿರಬೇಕು, ಅಲ್ಲ ಎಂದು ತಲೆಯಾಡಿಸಿದರು.

ಚೂರು ಕತ್ತರಿಸುವುದು ಬೇಡ, ಕತ್ತರಿಸಿದ್ದರೆ ರಕ್ತ ಇನ್ನೂ ಹೆಚ್ಚುತ್ತಿತ್ತು. ನರ ಸದ್ಯಕ್ಕೆ ಚೆನ್ನಾಗಿದೆ. ಊತ ತಾನಾಗಿ ಇಳಿಯಬಹುದು. ಪೂರ್ತಿ ಹೋಗುವುದಿಲ್ಲ, ಮತ್ತೆ ನೆಗಡಿ ಬಂದರೆ ಮತ್ತೆ ಉಬ್ಬಬಹುದು, ಕಣ್ಣಿಟ್ಟು ನೋಡಿಕೊಳ್ಳುತ್ತಿರಬೇಕು. ಇಷ್ಟು ಹೇಳಿದರು. ಇದಕ್ಕಿಂತ ಹೆಚ್ಚಾಗಿಯೂ ಹೇಳಲಿಲ್ಲ, ಕಡಿಮೆಯಾಗಿಯೂ ಹೇಳಲಿಲ್ಲ. ನನಗೆ ಅವರ ಮೇಲೆ ಗೌರವ ಬಂತು.

ಹೊರಡುವಾಗ, ಬಾಳೆಹಣ್ಣು ತಿಂದ ದಿನವೇ ತೆಗೆದಿದ್ದರೆ ಆ ಗೆರೆ ಕಾಣುತ್ತಿತ್ತೇ ಎಂದು ಬಸವರಾಜುವಿನಿಂದ ಕೇಳಿಸಿದೆ. ಗೊತ್ತಿಲ್ಲ, ಕಾಣುತ್ತಿತ್ತೇನೋ ಎಂದರು. ಸುಮ ಮೊಣಕೈಯಲ್ಲಿ ತಿವಿದಳು, "ಸಾಕು ಬಾ, ಪ್ರಸಾದಕ್ಕೆ ಸರ್ಟಿಫಿಕೇಟ್ ಕೇಳ್ಬೇಡ."

ಮತ್ತೆ ಮನೆ

ಜನವರಿ ಮುಗಿಯುತ್ತಾ ಬಂದಾಗ ಹೊರಟೆ. ರೆಪ್ಪೆಯ ನೇರಳೆ ಹಳದಿಗೆ ತಿರುಗಿತ್ತು. ಕಣ್ಣು ಎಷ್ಟೋ ಒಳಗೆ ಹೋಗಿತ್ತು, ಆದರೂ ಜೋಡಿಯ ಹಾಗಿರಲಿಲ್ಲ. ಇನ್ನೊಂದು ತಿಂಗಳಿಗೆ ಸುಮ ಹೆರಿಗೆಗೆ ಮೈಸೂರಿಗೆ ಬರುವಾಗ ಮಗುವೂ ವಿಮಾನ ಹತ್ತಬಹುದು ಎಂದಿದ್ದರು ಡಾಕ್ಟರಮ್ಮ. ನಿಲ್ದಾಣದಲ್ಲಿ ಬಿಂದು ತಲೆ ಓರೆ ಮಾಡದೆಯೇ ನನ್ನನ್ನು ನೋಡಿದಳು.

"ಇವತ್ತು ದೊಡ್ಡಮ್ಮ ಎಷ್ಟು ಜನ?" ಎಂದೆ.

"ಒಬ್ಬರು. ಇನ್ನೊಬ್ಬರು ಸ್ವಲ್ಪ," ಎಂದಳು.

ರಾಮಕೃಷ್ಣನಗರದ ಮನೆಯಲ್ಲಿ ನಮ್ಮನೆಯವರು ತೆಳ್ಳಗಾಗಿದ್ದರು, ಪಾತ್ರೆಗಳು ಕಪ್ಪಾಗಿದ್ದವು. ಸಾರನ್ನು ಶಿವ ಅಷ್ಟಾಗಿ ನೋಡಿಕೊಂಡಿರಲಿಲ್ಲ. ನಾನು ನೀರಲ್ಲೇ ಬಿಟ್ಟುಹೋದ ಅವರೆ ಏನಾಯಿತು ಎಂದು ಕೇಳಿದೆ. "ಪಕ್ಕದ ಮನೆಯವರಿಗೆ ಕೊಟ್ಟೆ. ಹಿದುಕೋದಕ್ಕೆ ಕೂತೆ, ನನ್ನ ಬೆರಳಿಗೆ ಸಿಪ್ಪೆಯೇ ಬರ್ತಿತ್ತು," ಎಂದರು. ಕರಡಿಗೆಯ ಕೀಲಿಗೆ ಬೆಳ್ಳಿಯ ಕಡ್ಡಿ ಹಾಕಿಸಿಕೊಂಡು ಬಂದೆ.

ಮಾರನೆಯ ವಾರ ದಟ್ಟಗಳ್ಳಿಯ ಹೆಂಗಸು ಬಾಗಿಲಿಗೆ ಬಂದಳು. "ಕಡೇ ಅವರೆ ಕಣಮ್ಮ, ಸೊಗಡು ಹೋಗ್ಬುಟ್ಟದೆ, ಸಸ್ತಾ ಮಾಡಿ ಕೊಡ್ತೀನಿ." ತೆಗೆದುಕೊಂಡೆ, ಸುಲಿದೆ, ನೆನೆಹಾಕಿದೆ. ಬೆಳಿಗ್ಗೆ ಬೇಸಿನ್ನು ಮುಂದಿಟ್ಟುಕೊಂಡು ಕೂತೆ. ಮೊದಲನೇ ಕಾಳನ್ನು ಬೆರಳ ನಡುವೆ ಹಿಡಿದು ಸುಮಾರು ಹೊತ್ತು ಹಾಗೇ ಇದ್ದೆ. ಸಿಪ್ಪೆಯೊಳಗಿಂದ ಅದು ದುಂಡಗೆ, ನುಣ್ಣಗೆ ಕೈಗೆ ತಾಕುತ್ತಿತ್ತು. ನಮ್ಮನೆಯವರು ಪೇಪರಿನ ಹಿಂದಿನಿಂದ, "ಫೋನು ಮಾಡಿದ್ಲು ಸುಮ, ನೀನು ಸ್ನಾನಕ್ಕೆ ಹೋಗಿದ್ದಾಗ. ಮಗುಗೆ ಈಗ ಎಲ್ಲಾ ಒಂದೊಂದೇ ಕಾಣುತ್ತಂತೆ," ಎಂದರು.

ಒತ್ತಿದೆ. ಕಾಳು ಬಟ್ಟಲಿಗೆ ಬಿತ್ತು. ಇನ್ನೊಂದು ತೆಗೆದುಕೊಂಡೆ.